ಎರಡು ರೀಜನಲ್ ಏರ್‌ಲೈನ್ ಆಫರ್ ಕೈಯಲ್ಲಿದ್ದರೆ ಯಾವುದನ್ನು ಹಿಡಿಯಬೇಕು?

ಅಮೆರಿಕದಲ್ಲಿ ಹಾರಾಟದ ಗಂಟೆಗಳನ್ನು ಕೂಡಿಸಿಕೊಂಡು ಏರ್‌ಲೈನ್ ಬಾಗಿಲಿಗೆ ಬಂದು ನಿಂತ ಕನ್ನಡದ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಎರಡು ಆಫರ್ ಬಂದಿವೆ. ಒಂದರಲ್ಲಿ ಬೋನಸ್ ಜಾಸ್ತಿ, ಇನ್ನೊಂದರಲ್ಲಿ ವಿಮಾನ ಚೆನ್ನಾಗಿದೆ. ಯಾವುದಕ್ಕೆ ಹೂಂ ಅನ್ನಲಿ?’ ಬೋನಸ್ ಮತ್ತು ವಿಮಾನ, ಇವೆರಡೂ ಪಟ್ಟಿಯ ತಳದಲ್ಲಿ ಇರಬೇಕಾದವು. ಮೇಲೆ ಇರಬೇಕಾದದ್ದು ನಿಮ್ಮ ಮನೆ ಎಲ್ಲಿದೆ, ಬೇಸ್ (ನಿಮ್ಮ ಕೆಲಸ ಶುರುವಾಗುವ ವಿಮಾನ ನಿಲ್ದಾಣ) ಎಲ್ಲಿ ಸಿಗುತ್ತದೆ, ಸಾಲಿನಲ್ಲಿ ನಿಮ್ಮ ಹಿಂದೆ ಜನ ಎಷ್ಟು ಬೇಗ ಸೇರುತ್ತಾರೆ ಎಂಬುದು. ಯಾಕೆಂದು ಹಂತಹಂತವಾಗಿ ಹೇಳುತ್ತೇನೆ.

ಮೊದಲು ಎರಡು ಮಾತು ಹಿನ್ನೆಲೆಗೆ. ಬಾಲದ ಮೇಲೆ ಅಮೆರಿಕನ್, ಡೆಲ್ಟಾ, ಯುನೈಟೆಡ್ ಬಣ್ಣ ಇದ್ದರೂ ಚಿಕ್ಕ ಜೆಟ್‌ಗಳನ್ನು ಹಾರಿಸುವುದು ಬೇರೆಯೇ ಕಂಪನಿಗಳು. ಇವೇ ರೀಜನಲ್‌ಗಳು. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್ ಈ ಮೂರೂ ಅಮೆರಿಕನ್ ಗುಂಪಿನ ಸ್ವಂತ ಆಸ್ತಿ. ಎಂಡೆವರ್ ಡೆಲ್ಟಾದ್ದು, ಹೊರೈಜನ್ ಅಲಾಸ್ಕಾದ್ದು. ಸ್ಕೈವೆಸ್ಟ್, ರಿಪಬ್ಲಿಕ್, ಗೋಜೆಟ್ ಮುಂತಾದವು ಸ್ವತಂತ್ರ ಕಂಪನಿಗಳು, ದೊಡ್ಡವರಿಗೆ ಗುತ್ತಿಗೆಯ ಮೇಲೆ ಹಾರಿಸುತ್ತವೆ. ಆ ದೊಡ್ಡವರನ್ನು ಪೈಲಟ್‌ಗಳ ಬಾಯಲ್ಲಿ ‘ಮೇನ್‌ಲೈನ್’ ಎನ್ನುತ್ತಾರೆ.

ಇನ್ನೊಂದು ಶಬ್ದ ಸೀನಿಯಾರಿಟಿ. ಏರ್‌ಲೈನ್‌ನಲ್ಲಿ ನಿಮ್ಮ ಜಾಣತನ, ಹಿಂದಿನ ಅನುಭವ, ಮಾತಿನ ಚಾತುರ್ಯ ಯಾವುದಕ್ಕೂ ವೇಳಾಪಟ್ಟಿಯಲ್ಲಿ ಬೆಲೆ ಇಲ್ಲ. ಸೇರಿದ ದಿನಾಂಕದ ಮೇಲೆ ಒಂದು ಸಂಖ್ಯೆ ಬರುತ್ತದೆ. ಯಾವ ಬೇಸ್, ಯಾವ ವಿಮಾನ, ಯಾವ ವಾರದ ರಜೆ, ಯಾವಾಗ ಕ್ಯಾಪ್ಟನ್ ಸೀಟು, ಎಲ್ಲವನ್ನೂ ಆ ಸಂಖ್ಯೆಯೇ ಹೇಳುತ್ತದೆ. ಕಂಪನಿ ಬಿಟ್ಟು ಇನ್ನೊಂದು ರೀಜನಲ್‌ಗೆ ಹೋದರೆ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ಆದ್ದರಿಂದ ಇದು ‘ನೋಡೋಣ, ಸರಿಹೋಗದಿದ್ದರೆ ಬದಲಿಸೋಣ’ ಎನ್ನುವ ಜಾತಿಯ ನಿರ್ಧಾರ ಅಲ್ಲ.

1. ಕೈಯಲ್ಲಿರುವುದು ನಿಜಕ್ಕೂ ಆಫರ್ ಹೌದೇ ನೋಡಿ

ಸಂದರ್ಶನ ಮುಗಿದ ಮೇಲೆ ಬರುವ ಕಾಗದಕ್ಕೆ ‘ಷರತ್ತುಬದ್ಧ ಆಫರ್’ ಎನ್ನುತ್ತಾರೆ. ಹಿನ್ನೆಲೆ ತಪಾಸಣೆ, ಮಾದಕವಸ್ತು ಪರೀಕ್ಷೆ, ಹಳೆಯ ತರಬೇತಿ ದಾಖಲೆ ಎಲ್ಲ ಸರಿ ಇದ್ದರೆ ಮಾತ್ರ ಅದು ಕೆಲಸ. ಅದಕ್ಕಿಂತ ಮುಖ್ಯವಾದದ್ದು ಕ್ಲಾಸ್ ದಿನಾಂಕ, ಅಂದರೆ ತರಬೇತಿ ಶುರುವಾಗುವ ದಿನ. ಸಾಮಾನ್ಯವಾಗಿ ಸೀನಿಯಾರಿಟಿ ಹುಟ್ಟುವುದು ಅಂದೇ. ದಿನಾಂಕವಿಲ್ಲದ ಆಫರ್ ಎಂದರೆ ಕಾಯುವವರ ಪಟ್ಟಿಯಲ್ಲಿ ಒಂದು ಜಾಗ, ಅಷ್ಟೆ. 2022ರಲ್ಲಿ ರೀಜನಲ್‌ಗಳು ಪೈಲಟ್‌ಗಳಿಗಾಗಿ ಕಿತ್ತಾಡುತ್ತಿದ್ದವು. 2024ರ ಹೊತ್ತಿಗೆ ಮೇನ್‌ಲೈನ್ ನೇಮಕಾತಿ ನಿಧಾನವಾಗಿ, ಆಫರ್ ಹಿಡಿದುಕೊಂಡೇ ತಿಂಗಳುಗಟ್ಟಲೆ ಕ್ಲಾಸ್‌ಗೆ ಕಾದವರು ಬಹಳ ಮಂದಿ.

ನಿಮ್ಮ ಅರ್ಹತೆಯನ್ನೂ ಈಗಲೇ ಲೆಕ್ಕ ಹಾಕಿ. ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಸಹ ಪೈಲಟ್, ಆಗಿ ಕೂರಲು ಎಟಿಪಿ (ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್) ಸರ್ಟಿಫಿಕೇಟ್ ಬೇಕು: 1,500 ಗಂಟೆ, 23 ವರ್ಷ. ನಿರ್ಬಂಧಿತ ಎಟಿಪಿ ಎಂಬ ರಿಯಾಯಿತಿಯೂ ಇದೆ. ಅದಕ್ಕೆ 21 ವರ್ಷ ಸಾಕು. ಸೇನೆಯ ಪೈಲಟ್‌ಗೆ 750, ಮಾನ್ಯತೆ ಪಡೆದ ನಾಲ್ಕು ವರ್ಷದ ವೈಮಾನಿಕ ಪದವಿ ಇದ್ದರೆ 1,000, ಎರಡು ವರ್ಷದ ಪದವಿಗೆ 1,250 ಗಂಟೆ. ಎಟಿಪಿ ಲಿಖಿತ ಪರೀಕ್ಷೆಗೆ ಮುಂಚೆ 30 ಗಂಟೆ ಪಾಠ ಮತ್ತು 10 ಗಂಟೆ ಸಿಮ್ಯುಲೇಟರ್ ಇರುವ ಎಟಿಪಿ-ಸಿಟಿಪಿ ಎಂಬ ಕೋರ್ಸ್ ಕಡ್ಡಾಯ. ಇದರ ಖರ್ಚು ಕಂಪನಿಯದೋ ನಿಮ್ಮದೋ ಎಂದು ಎರಡೂ ಕಡೆ ಕೇಳಿ. ಸಾವಿರಾರು ಡಾಲರ್‌ನ ಮಾತು ಅದು.

ಅಮೆರಿಕದ ಪೌರತ್ವ ಇಲ್ಲದವರಿಗೆ ಒಂದು ಎಚ್ಚರಿಕೆ. ಹೆಚ್ಚಿನ ಕಂಪನಿಗಳು ಯಾವ ನಿರ್ಬಂಧವೂ ಇಲ್ಲದ ಕೆಲಸದ ಹಕ್ಕನ್ನು ಕೇಳುತ್ತವೆ. ವಿದ್ಯಾರ್ಥಿ ವೀಸಾದ ತಾತ್ಕಾಲಿಕ ಪರವಾನಗಿಯನ್ನು ನಂಬಿಕೊಂಡು ಎರಡು ಆಫರ್ ತೂಗುವುದಕ್ಕೆ ಮುಂಚೆ, ಅದು ಸಾಕೇ ಎಂದು ನೇಮಕಾತಿ ವಿಭಾಗದಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದು ಭಾರತದ ಪಾಸ್‌ಪೋರ್ಟ್ ಇರುವವರು, ಕೆನಡಾ ಮತ್ತು ಮೆಕ್ಸಿಕೊ ಮಾರ್ಗಗಳಿಗೆ ಯಾವ ಕಾಗದ ಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ.

2. ನಕ್ಷೆ ತೆಗೆದು ಬೇಸ್‌ಗಳನ್ನು ಗುರುತಿಸಿ

ಬೇಸ್ ಎಂದರೆ ನಿಮ್ಮ ಪ್ರತಿ ಟ್ರಿಪ್ ಶುರುವಾಗಿ ಮುಗಿಯುವ ವಿಮಾನ ನಿಲ್ದಾಣ. ಅಲ್ಲಿಗೆ ತಲುಪುವ ಹೊಣೆ ಪೂರ್ತಿ ನಿಮ್ಮದು. ಮನೆ ಬೇರೆ ಊರಿನಲ್ಲಿದ್ದರೆ ಖಾಲಿ ಸೀಟು ಸಿಕ್ಕರೆ ಸೀಟಿನಲ್ಲಿ, ಇಲ್ಲವಾದರೆ ಕಾಕ್‌ಪಿಟ್‌ನ ಹೆಚ್ಚುವರಿ ಆಸನವಾದ ಜಂಪ್‌ಸೀಟ್‌ನಲ್ಲಿ ಕೂತು ಕೆಲಸಕ್ಕೆ ಹೋಗಬೇಕು. ಇದನ್ನೇ ಕಮ್ಯೂಟ್ ಎನ್ನುವುದು. ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ ಎಂಬುದು ನಿಜ. ಆದರೆ ಸಮಯಕ್ಕೆ ಯಾರು ಕೊಡುತ್ತಾರೆ?

ಸರಳ ಲೆಕ್ಕ ನೋಡಿ. ನಾಲ್ಕು ದಿನದ ಟ್ರಿಪ್ ಬೆಳಗ್ಗೆ 6ಕ್ಕೆ ಶುರುವಾದರೆ ಹಿಂದಿನ ಸಂಜೆಯೇ ಹೊರಡಬೇಕು. ಕೊನೆಯ ದಿನ ರಾತ್ರಿ 10ಕ್ಕೆ ಇಳಿದರೆ ಮನೆಗೆ ಹೋಗುವ ಕೊನೆಯ ವಿಮಾನ ಆಗಲೇ ಹೋಗಿರುತ್ತದೆ. ನಾಲ್ಕು ದಿನದ ಕೆಲಸ ಆರು ದಿನವಾಯಿತು. ಹೊಸಬರಿಗೆ ಸಿಗುವುದು ಇಂಥ ಟ್ರಿಪ್‌ಗಳೇ, ಏಕೆಂದರೆ ತಡವಾಗಿ ಶುರುವಾಗಿ ಬೇಗ ಮುಗಿಯುವ ಟ್ರಿಪ್‌ಗಳನ್ನು ನಿಮಗಿಂತ ಮೇಲಿನವರು ಆರಿಸಿಕೊಂಡಿರುತ್ತಾರೆ. ಜೊತೆಗೆ ಬೇಸ್ ಊರಿನಲ್ಲಿ ಮಲಗಲು ಕ್ರಾಶ್‌ಪ್ಯಾಡ್ ಬೇಕು. ಹತ್ತಾರು ಪೈಲಟ್‌ಗಳು ಸೇರಿ ಬಾಡಿಗೆ ಹಿಡಿದ, ಬಂಕ್ ಮಂಚಗಳಿರುವ ಮನೆ ಅದು.

ಹಣ, ರಜೆಗಿಂತ ದೊಡ್ಡ ಮಾತೊಂದಿದೆ. 2009ರ ಫೆಬ್ರುವರಿ 12ರಂದು ಬಫಲೋ ಬಳಿ ಕೊಲ್ಗನ್ ಏರ್ ವಿಮಾನ 3407 ಬಿದ್ದು 50 ಜನ ಸತ್ತರು. 1,500 ಗಂಟೆಯ ನಿಯಮ ಬಂದದ್ದೇ ಆ ಅಪಘಾತದ ನಂತರ. ತನಿಖೆಯಲ್ಲಿ ಹೊರಬಿದ್ದ ಸಂಗತಿ: ಇಬ್ಬರು ಪೈಲಟ್‌ಗಳೂ ಕಮ್ಯೂಟ್ ಮಾಡುತ್ತಿದ್ದವರು. ಫಸ್ಟ್ ಆಫೀಸರ್ ಸಿಯಾಟಲ್‌ನಿಂದ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಕೂತು ನ್ಯೂವರ್ಕ್ ಬೇಸ್‌ಗೆ ಬಂದಿದ್ದರು. ದಣಿವು ಅವರ ಕೆಲಸವನ್ನು ಕುಗ್ಗಿಸಿದ್ದಿರಬಹುದು ಎಂದ ತನಿಖಾ ಮಂಡಳಿ, ಎಷ್ಟರ ಮಟ್ಟಿಗೆ ಎಂದು ಹೇಳಲಾಗದು ಎಂದಿತು. 2014ರ ಜನವರಿಯಿಂದ ಜಾರಿಗೆ ಬಂದ ವಿಶ್ರಾಂತಿ ನಿಯಮಗಳು ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಯ ಅವಕಾಶ ಕೊಡುತ್ತವೆ. ಆದರೆ ಕಮ್ಯೂಟ್ ಡ್ಯೂಟಿಯ ಲೆಕ್ಕಕ್ಕೆ ಬರುವುದಿಲ್ಲ. ನೀವು ಆ 10 ಗಂಟೆಯನ್ನು ವಿಮಾನದ ಹಿಂದಿನ ಸೀಟಿನಲ್ಲಿ ಕಳೆದರೂ ‘ನಾನು ಹಾರಲು ಯೋಗ್ಯ’ ಎಂದು ಒಪ್ಪಿಕೊಳ್ಳಬೇಕಾದವರು ನೀವೇ.

ಹೀಗಾಗಿ ನನ್ನ ಮೊದಲ ನಿಯಮ: ಕಾರಿನಲ್ಲಿ ಹೋಗಿ ತಲುಪಬಹುದಾದ ಬೇಸ್ ಒಂದು ಆಫರ್‌ನಲ್ಲಿದ್ದು, ಇನ್ನೊಂದರಲ್ಲಿ ಇಲ್ಲದಿದ್ದರೆ, ಬೇರೆ ಏನೂ ನೋಡದೆ ಮೊದಲನೆಯದನ್ನು ಹಿಡಿಯಿರಿ. ಇದಕ್ಕೆ ಎರಡೇ ವಿನಾಯಿತಿ. ಆ ಕಂಪನಿ ಮುಳುಗುವ ಲಕ್ಷಣ ಕಾಣುತ್ತಿರಬೇಕು (ಆರನೇ ಹಂತ ನೋಡಿ), ಇಲ್ಲವೇ ನಿಮಗೆ ಮನೆ ಬದಲಿಸುವುದು ಕಷ್ಟವೇ ಅಲ್ಲದಿರಬೇಕು. ಒಂಟಿಯಾಗಿದ್ದು ಸೂಟ್‌ಕೇಸ್‌ನಲ್ಲೇ ಸಂಸಾರ ಇರುವವರು ಬೇಸ್ ಇರುವ ಊರಿಗೇ ಹೋಗಿಬಿಡಬಹುದು.

ಇಲ್ಲಿ ಎಡವುವುದು ಎಲ್ಲಿ ಗೊತ್ತೇ? ಕಂಪನಿಗೆ ನಿಮ್ಮೂರಿನಲ್ಲಿ ಬೇಸ್ ಇದೆ ಎಂದ ಮಾತ್ರಕ್ಕೆ ಅದು ನಿಮಗೆ ಸಿಗುತ್ತದೆ ಎಂದಲ್ಲ. ಎಲ್ಲರಿಗೂ ಬೇಕಾದ ಬೇಸ್‌ಗೆ ವರ್ಷಗಟ್ಟಲೆ ಸಾಲು ಇರಬಹುದು. ‘ಈ ಬೇಸ್‌ನಲ್ಲಿ ಈಗ ಅತಿ ಕಿರಿಯ ಫಸ್ಟ್ ಆಫೀಸರ್ ಯಾವಾಗ ಸೇರಿದವರು?’ ಎಂದು ಕೇಳಿ. ‘ಸಾಮಾನ್ಯವಾಗಿ ಬೇಗ ಸಿಗುತ್ತದೆ’ ಎಂಬ ಉತ್ತರ ಉತ್ತರವೇ ಅಲ್ಲ. ದಿನಾಂಕ ಬೇಕು. ಆಮೇಲೆ ಆ ಬೇಸ್ ಮುಚ್ಚುವ ಸುದ್ದಿ ಇದೆಯೇ ಎಂದೂ ವಿಚಾರಿಸಿ. ಮೇನ್‌ಲೈನ್ ಮಾರ್ಗ ಬದಲಿಸಿದರೆ ಬೇಸ್‌ಗಳು ಹುಟ್ಟುತ್ತವೆ, ಸಾಯುತ್ತವೆ.

ಕಮ್ಯೂಟ್ ಮಾಡದೆ ಗತಿಯಿಲ್ಲ ಎನ್ನುವವರು ನೋಡಬೇಕಾದ್ದು: ಮನೆಯಿಂದ ಬೇಸ್‌ಗೆ ದಿನಕ್ಕೆ ಎಷ್ಟು ನೇರ ವಿಮಾನಗಳಿವೆ, ಒಂದೇ ಕಂಪನಿಯದೋ ಹಲವರದೋ, ಮತ್ತು ಕಂಪನಿಗೂ ಅದರ ಪೈಲಟ್‌ಗಳಿಗೂ ನಡುವಿನ ಒಪ್ಪಂದದಲ್ಲಿ ಕಮ್ಯೂಟರ್ ರಕ್ಷಣೆ ಇದೆಯೇ ಎಂದು. ನಿಗದಿತ ಸಂಖ್ಯೆಯ ವಿಮಾನಗಳಿಗೆ ಪ್ರಯತ್ನಿಸಿಯೂ ಸೀಟು ಸಿಗದೆ ತಡವಾದರೆ ಶಿಸ್ತುಕ್ರಮ ಇಲ್ಲ ಎನ್ನುವ ಕಲಮು ಅದು. ತಿಂಗಳಿಗೆ ಕೆಲವು ರಾತ್ರಿ ಕಂಪನಿಯೇ ಹೋಟೆಲ್ ಕೊಡುವ ಒಪ್ಪಂದಗಳೂ ಇವೆ. ಸಿಕ್ಕರೆ ಲಾಭ.

3. ರಿಸರ್ವ್‌ನಲ್ಲಿ ಎಷ್ಟು ಕಾಲ?

ಹೊಸ ಪೈಲಟ್‌ಗೆ ನಿಗದಿತ ವೇಳಾಪಟ್ಟಿ, ಅಂದರೆ ‘ಲೈನ್’, ತಕ್ಷಣ ಸಿಗುವುದಿಲ್ಲ. ಮೊದಲು ರಿಸರ್ವ್: ಕರೆ ಬಂದರೆ ಹೋಗಬೇಕು, ಬರದಿದ್ದರೆ ಕಾಯಬೇಕು. ಶಾರ್ಟ್ ಕಾಲ್ ಎಂದರೆ ಕರೆ ಬಂದ ಒಂದೆರಡು ಗಂಟೆಯೊಳಗೆ ನಿಲ್ದಾಣದಲ್ಲಿ ಇರಬೇಕು, ಅಂದರೆ ಬೇಸ್ ಊರಿನಲ್ಲೇ ಇರಬೇಕು. ಇದರ ಒಂದು ಸರದಿ ನಿಯಮದ ಪ್ರಕಾರ 14 ಗಂಟೆ ಮೀರುವಂತಿಲ್ಲ. ಲಾಂಗ್ ಕಾಲ್‌ಗೆ ಹೆಚ್ಚು ಮುನ್ಸೂಚನೆ ಇರುತ್ತದೆ, ಮನೆಯಿಂದಲೇ ನಿಭಾಯಿಸಬಹುದು. ಇನ್ನು ಏರ್‌ಪೋರ್ಟ್ ರಿಸರ್ವ್ ಎಂದರೆ ಸಮವಸ್ತ್ರ ತೊಟ್ಟು ನಿಲ್ದಾಣದಲ್ಲೇ ಕೂರುವುದು.

ಕಾರಿನಲ್ಲಿ ಹೋಗುವ ಬೇಸ್‌ನಲ್ಲಿ ರಿಸರ್ವ್ ಹೆಚ್ಚುಕಡಿಮೆ ಸುಖ. ಸಂಬಳ ಬರುತ್ತದೆ, ಹಲವು ದಿನ ಮನೆಯಲ್ಲೇ ಇರುತ್ತೀರಿ. ಕಮ್ಯೂಟ್ ಮಾಡುವವರಿಗೆ ಅದೇ ರಿಸರ್ವ್ ವನವಾಸ. ಕರೆ ಬರದಿದ್ದರೂ ಕ್ರಾಶ್‌ಪ್ಯಾಡ್‌ನಲ್ಲಿ ಬಿದ್ದಿರಬೇಕು. ಹೀಗಾಗಿ ಎರಡನೇ ಹಂತದ ಪ್ರಶ್ನೆಯನ್ನೂ ಇದನ್ನೂ ಬಿಡಿಬಿಡಿಯಾಗಿ ನೋಡಬೇಡಿ.

ಯಾರೂ ಎಚ್ಚರಿಸದ ಇನ್ನೊಂದು ತೊಡಕು: ರಿಸರ್ವ್ ಉದ್ದವಾದರೆ ಹಾರಾಟದ ಗಂಟೆ ಬೆಳೆಯುವುದಿಲ್ಲ. ಕ್ಯಾಪ್ಟನ್ ಆಗಲು ಸಾಮಾನ್ಯವಾಗಿ ಏರ್‌ಲೈನ್ ಕಾರ್ಯಾಚರಣೆಯಲ್ಲೇ 1,000 ಗಂಟೆ ಬೇಕು. ತಿಂಗಳಿಗೆ 70 ಗಂಟೆ ಹಾರಿದರೆ ಅದು 14-15 ತಿಂಗಳ ಕೆಲಸ. ತಿಂಗಳಿಗೆ 30 ಗಂಟೆ ಮಾತ್ರ ಹಾರಿದರೆ? ಸುಮಾರು 33 ತಿಂಗಳು. ‘ಎರಡು ವರ್ಷದೊಳಗೆ ಅಪ್‌ಗ್ರೇಡ್’ ಎಂಬ ಜಾಹೀರಾತನ್ನು ಓದುವಾಗ ಈ ಭಾಗಾಕಾರ ಮಾಡಿ ನೋಡಿ. ಹೊಸ ವಿಮಾನದ ಪರೀಕ್ಷೆ ಮುಗಿದ 120 ದಿನದೊಳಗೆ 100 ಗಂಟೆ ಹಾರಿ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಬೇಕೆಂಬ ನಿಯಮವೂ ಇದೆ. ಪೈಲಟ್‌ಗಳು ಹೆಚ್ಚಾಗಿ ವಿಮಾನ ಕಡಿಮೆ ಇರುವ ಕಂಪನಿಯಲ್ಲಿ ಹೊಸಬರು ಇದಕ್ಕೂ ಪರದಾಡುತ್ತಾರೆ. ‘ಕಳೆದ ತಿಂಗಳು ನಿಮ್ಮಲ್ಲಿ ರಿಸರ್ವ್ ಫಸ್ಟ್ ಆಫೀಸರ್ ಸರಾಸರಿ ಎಷ್ಟು ಗಂಟೆ ಹಾರಿದರು?’ ಈ ಒಂದು ಪ್ರಶ್ನೆ ಕಂಪನಿಯ ಆರೋಗ್ಯವನ್ನೇ ಹೇಳಿಬಿಡುತ್ತದೆ.

4. ಗಂಟೆ ದರ ಬಿಡಿ, ವರ್ಷದ ದುಡ್ಡು ಲೆಕ್ಕ ಹಾಕಿ

ಪೈಲಟ್ ಸಂಬಳ ಗಂಟೆಯ ಲೆಕ್ಕ. ಆ ಗಂಟೆ ಎಂದರೆ ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ಮುಂದಿನ ಗೇಟಿಗೆ ಸೇರುವ ತನಕದ ಬ್ಲಾಕ್ ಸಮಯ. ಹವಾಮಾನ ನೋಡಿದ್ದು, ವಿಮಾನ ಪರೀಕ್ಷಿಸಿದ್ದು, ಎರಡು ವಿಮಾನಗಳ ನಡುವೆ ಮೂರು ಗಂಟೆ ಕೂತದ್ದು, ಸಾಮಾನ್ಯವಾಗಿ ಇವುಗಳಿಗೆ ಕಾಸಿಲ್ಲ. ಅದಕ್ಕೇ ಪ್ರತಿ ಒಪ್ಪಂದದಲ್ಲೂ ತಿಂಗಳ ಕನಿಷ್ಠ ಖಾತರಿ ಇರುತ್ತದೆ: ಹಾರಿದರೂ ಹಾರದಿದ್ದರೂ 72, 75 ಹೀಗೆ ಇಷ್ಟು ಗಂಟೆಗೆ ಸಂಬಳ.

ಉದಾಹರಣೆಗೆ ಎರಡು ಕಾಲ್ಪನಿಕ ಆಫರ್. ಮೊದಲನೆಯದು ಗಂಟೆಗೆ 90 ಡಾಲರ್, ಖಾತರಿ 75 ಗಂಟೆ, ಬೇಸ್ ಮನೆಯ ಹತ್ತಿರ. ವರ್ಷಕ್ಕೆ 81,000 ಡಾಲರ್. ಎರಡನೆಯದು ಗಂಟೆಗೆ 95, ಖಾತರಿ 72, ಬೇಸ್ ದೂರ. ವರ್ಷಕ್ಕೆ 82,080. ದರದಲ್ಲಿ 5 ಡಾಲರ್ ಜಾಸ್ತಿ ಕಂಡದ್ದು ವರ್ಷಕ್ಕೆ 1,080ಕ್ಕೆ ಇಳಿಯಿತು. ಕ್ರಾಶ್‌ಪ್ಯಾಡ್‌ಗೆ ತಿಂಗಳಿಗೆ 350 ಎಂದಿಟ್ಟುಕೊಂಡರೂ ವರ್ಷಕ್ಕೆ 4,200 ಹೋಯಿತು. ಹೆಚ್ಚು ದರದ ಆಫರ್ ಮೂರು ಸಾವಿರಕ್ಕೂ ಹೆಚ್ಚು ಹಿಂದೆ ಬಿತ್ತು. ಕಳೆದುಕೊಂಡ ರಜಾದಿನಗಳನ್ನು ಇನ್ನೂ ಎಣಿಸಿಯೇ ಇಲ್ಲ.

ದರಪಟ್ಟಿಯ ಆಚೆ ನೋಡಬೇಕಾದವು ಹೀಗಿವೆ.

– ರಿಗ್: ಮನೆಯಿಂದ ದೂರ ಇದ್ದ ಹೊತ್ತಿಗೆ ಕನಿಷ್ಠ ಸಂಬಳ ಕಟ್ಟಿಕೊಡುವ ಸೂತ್ರ. ನಾಲ್ಕು ಗಂಟೆಗೆ ಒಂದು ಎಂಬ ರಿಗ್ ಇದ್ದರೆ, 80 ಗಂಟೆಯ ಟ್ರಿಪ್‌ನಲ್ಲಿ 16 ಗಂಟೆ ಮಾತ್ರ ಹಾರಿದರೂ 20 ಗಂಟೆಯ ಸಂಬಳ. ರಿಗ್ ಇಲ್ಲದ ಕಂಪನಿಗೆ ನಿಮ್ಮ ಸಮಯ ಪುಕ್ಕಟೆ. ಹಾಗಾಗಿ ಟ್ರಿಪ್‌ಗಳನ್ನೂ ಹಾಗೆಯೇ ಹೆಣೆಯುತ್ತದೆ.
– ರದ್ದತಿ ಸಂಬಳ: ವಿಮಾನ ರದ್ದಾದರೆ ನಿಮ್ಮ ಗಂಟೆ ಉಳಿಯುತ್ತದೆಯೇ?
– ಡೆಡ್‌ಹೆಡ್: ಕಂಪನಿಯ ಕೆಲಸಕ್ಕಾಗಿ ಪ್ರಯಾಣಿಕನಾಗಿ ಕೂತು ಹೋದರೆ ಪೂರ್ತಿ ದರವೋ ಅರ್ಧವೋ?
– ಪರ್ ಡಯಮ್: ಬೇಸ್ ಬಿಟ್ಟಿರುವ ಪ್ರತಿ ಗಂಟೆಗೂ ಊಟದ ಭತ್ಯೆ. ಚಿಕ್ಕ ಮೊತ್ತ, ಇದರ ಮೇಲೆ ತಲೆಕೆಡಿಸಿಕೊಳ್ಳಬೇಡಿ.
– ಆರೋಗ್ಯ ವಿಮೆ ಮೊದಲ ದಿನದಿಂದಲೋ ಕೆಲವು ತಿಂಗಳ ನಂತರವೋ, ಮತ್ತು ವೈದ್ಯಕೀಯ ಅರ್ಹತೆ ಹೋದರೆ ನೆರವಾಗುವ ವಿಮೆ ಇದೆಯೇ ಎಂಬುದು. ಸಂಸಾರ ಇರುವವರು ಇದನ್ನು ಮೊದಲ ಸಾಲಿಗೆ ತನ್ನಿ.

ಹೆಚ್ಚಿಸಿದ ದರ ಕಾಯಂ ಹೌದೇ ಎಂಬುದನ್ನೂ ಕೇಳಬೇಕು. 2022ರಲ್ಲಿ ಅಮೆರಿಕನ್ ಗುಂಪಿನ ಮೂರು ರೀಜನಲ್‌ಗಳು ಹೊಸ ಫಸ್ಟ್ ಆಫೀಸರ್ ದರವನ್ನು 90 ಡಾಲರ್‌ಗೆ ಏರಿಸಿದಾಗ, ಅದರಲ್ಲಿ ದೊಡ್ಡ ಪಾಲು ತಾತ್ಕಾಲಿಕ ಹೆಚ್ಚಳ ಎಂದೇ ಘೋಷಿಸಿದ್ದವು. ದರಪಟ್ಟಿಯ ಕೆಳಗಿನ ಚಿಕ್ಕ ಅಕ್ಷರಗಳನ್ನು ಓದಿ.

5. ಬೋನಸ್ ಕಾಗದಕ್ಕೆ ಸಹಿ ಹಾಕುವ ಮುಂಚೆ

ಸೇರುವ ಬೋನಸ್ ಸಾಮಾನ್ಯವಾಗಿ ಒಂದು ಕರಾರಿನೊಂದಿಗೆ ಬರುತ್ತದೆ: ಇಷ್ಟು ತಿಂಗಳ ಒಳಗೆ ಬಿಟ್ಟರೆ ಹಿಂದಿರುಗಿಸಬೇಕು. ಕೆಲವು ಕಂಪನಿಗಳು ತರಬೇತಿ ವೆಚ್ಚಕ್ಕೂ ಇಂಥದೇ ಕರಾರು ಬರೆಸಿಕೊಳ್ಳುತ್ತವೆ. ಕರಾರು ಇರುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಇವನ್ನು ಓದದೆ ಸಹಿ ಮಾಡಬೇಡಿ:

ಬಿಟ್ಟಾಗ ಕೊಡಬೇಕಾದ ಮೊತ್ತ ತಿಂಗಳು ತಿಂಗಳಿಗೆ ಇಳಿಯುತ್ತದೆಯೇ, ಅಥವಾ ಕೊನೆಯ ದಿನದವರೆಗೂ ಪೂರ್ತಿಯೇ? ತರಬೇತಿಯಲ್ಲಿ ಫೇಲ್ ಆದರೆ, ವೈದ್ಯಕೀಯ ಅರ್ಹತೆ ಹೋದರೆ, ಕಂಪನಿಯೇ ಫರ್ಲೋ ಮಾಡಿದರೆ (ಕೆಲಸವಿಲ್ಲವೆಂದು ಕಿರಿಯರನ್ನು ಮೊದಲು ತಾತ್ಕಾಲಿಕವಾಗಿ ಮನೆಗೆ ಕಳಿಸುವುದು), ಅದೇ ಗುಂಪಿನ ಮೇನ್‌ಲೈನ್‌ಗೆ ಹೋದರೆ? ಈ ನಾಲ್ಕರಲ್ಲೂ ಮನ್ನಾ ಎಂದು ಬರಹದಲ್ಲಿ ಇರಬೇಕು. ಇನ್ನೊಂದು, ಬಹಳ ಜನಕ್ಕೆ ಹೊಳೆಯುವುದೇ ಇಲ್ಲ: ಬೋನಸ್ ನಿಮ್ಮ ಖಾತೆಗೆ ಬರುವುದು ತೆರಿಗೆ ಕಳೆದು. ವಾಪಸ್ ಕೇಳುವುದು ಮಾತ್ರ ತೆರಿಗೆಗೆ ಮುಂಚಿನ ಮೊತ್ತ ಆಗಿರಬಹುದು. ಯಾವುದೆಂದು ಕೇಳಿ.

20,000 ಡಾಲರ್ ಬೋನಸ್ಸನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 833, ಅದೂ ತೆರಿಗೆಗೆ ಮುಂಚೆ. ಇಷ್ಟಕ್ಕಾಗಿ ಕೆಟ್ಟ ಬೇಸ್, ಉದ್ದದ ರಿಸರ್ವ್ ಒಪ್ಪಿಕೊಳ್ಳುವುದು ನನ್ನ ಪ್ರಕಾರ ನಷ್ಟದ ವ್ಯಾಪಾರ. ಕಣ್ಣು ಕುಕ್ಕುವ ಬೋನಸ್ ಕಂಡಾಗ ನಾನು ಕೇಳುವ ಮೊದಲ ಪ್ರಶ್ನೆ, ‘ಇವರಿಗೆ ಜನ ಯಾಕೆ ಸಿಗುತ್ತಿಲ್ಲ?’

6. ಈ ಕಂಪನಿಯ ಅನ್ನ ಯಾರ ಕೈಯಲ್ಲಿದೆ?

ರೀಜನಲ್ ಕಂಪನಿ ಟಿಕೆಟ್ ಮಾರಿ ಬದುಕುವುದಿಲ್ಲ. ಇಂತಿಷ್ಟು ವಿಮಾನ ಹಾರಿಸಿಕೊಡು, ಇಂತಿಷ್ಟು ಕೊಡುತ್ತೇನೆ ಎಂಬ ಮೇನ್‌ಲೈನ್ ಒಪ್ಪಂದವೇ ಅದರ ಆದಾಯ. ಒಪ್ಪಂದ ಮುಗಿದರೆ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಬಾಗಿಲು ಮುಚ್ಚಬಹುದು. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್ ಎರಡೂ ನಿಂತವು. ಅದೇ ಸೆಪ್ಟೆಂಬರ್ ಕೊನೆಗೆ ಎಕ್ಸ್‌ಪ್ರೆಸ್‌ಜೆಟ್ ಯುನೈಟೆಡ್‌ಗೆ ಹಾರಿಸುವುದನ್ನು ನಿಲ್ಲಿಸಿತು, ಏಕೆಂದರೆ ಆ ವಿಮಾನಗಳನ್ನು ಯುನೈಟೆಡ್ ಕಮ್ಯೂಟ್‌ಏರ್‌ಗೆ ಕೊಟ್ಟಿತು. ಆ ಪೈಲಟ್‌ಗಳ ಸೀನಿಯಾರಿಟಿ ಸಂಖ್ಯೆ ಒಂದೇ ದಿನದಲ್ಲಿ ಬರಿಯ ಅಂಕಿಯಾಯಿತು. ಮೇಸಾ 2023ರಲ್ಲಿ ಅಮೆರಿಕನ್ ಬಿಟ್ಟು ಯುನೈಟೆಡ್ ಕಡೆ ಹೊರಳಿತು, 2025ರಲ್ಲಿ ರಿಪಬ್ಲಿಕ್ ಜೊತೆ ವಿಲೀನವಾಯಿತು.

ಹಾಗಾದರೆ ಮೇನ್‌ಲೈನ್‌ನ ಸ್ವಂತ ಕಂಪನಿ ಸುರಕ್ಷಿತವೇ? ಸ್ವಲ್ಪ ಹೆಚ್ಚು ಸುರಕ್ಷಿತ, ಅಷ್ಟೆ. ಕೊಮೇರ್ ಪೂರ್ತಿ ಡೆಲ್ಟಾದ ಆಸ್ತಿಯಾಗಿತ್ತು. 2012ರಲ್ಲಿ ಡೆಲ್ಟಾವೇ ಅದನ್ನು ಮುಚ್ಚಿತು. ಇನ್ನೊಂದು ಕಡೆ, ಸ್ಕೈವೆಸ್ಟ್ ಯಾರ ಆಸ್ತಿಯೂ ಅಲ್ಲ. ಆದರೆ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ನಾಲ್ವರಿಗೂ ಹಾರಿಸುತ್ತದೆ, ಒಬ್ಬರು ಕೈಬಿಟ್ಟರೂ ನಿಲ್ಲಬಲ್ಲದು. ಒಬ್ಬನೇ ಗಿರಾಕಿ ಇರುವ ಸ್ವತಂತ್ರ ಕಂಪನಿಯೇ ಹೆಚ್ಚು ಅಪಾಯದ್ದು. ಅಂಥ ಆಫರ್ ಬಂದರೆ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂದು ನೇರವಾಗಿ ಕೇಳಿ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಯಾದರೆ ಅದು ವಾರ್ಷಿಕ ವರದಿಯಲ್ಲೇ ಇರುತ್ತದೆ.

ವಿಮಾನದ ಮಾದರಿ ಮುಖ್ಯವಾಗುವುದು ಇಲ್ಲಿ, ಅಂದಚಂದಕ್ಕಲ್ಲ. ಮೇನ್‌ಲೈನ್ ಪೈಲಟ್‌ಗಳ ಒಪ್ಪಂದದಲ್ಲಿ ಸ್ಕೋಪ್ ಎಂಬ ಕಲಮು ಇದೆ: ರೀಜನಲ್‌ಗಳು ಹಾರಿಸುವ ದೊಡ್ಡ ಜೆಟ್‌ಗೆ 76 ಸೀಟು, 86,000 ಪೌಂಡ್ ತೂಕದ ಮಿತಿ. ಎಂಬ್ರೇರ್ 175 ಈ ಮಿತಿಯೊಳಗೆ ಕೂರುತ್ತದೆ, ಇನ್ನೂ ತಯಾರಾಗುತ್ತಿದೆ. ಸಿಆರ್‌ಜೆ ಎಂಬ ಇನ್ನೊಂದು ಚಿಕ್ಕ ಜೆಟ್ ಸರಣಿಯ ಕೊನೆಯ ವಿಮಾನ 2021ರಲ್ಲೇ ಹೊರಬಂತು. 50 ಸೀಟಿನ ಸಿಆರ್‌ಜೆ 200, ಎಂಬ್ರೇರ್ 145 ವಯಸ್ಸಾದವು. ಬರೀ ಐವತ್ತು ಸೀಟಿನವನ್ನೇ ಹಾರಿಸುವ ಕಂಪನಿಗೆ ಮುಂದೇನು ಯೋಜನೆ ಎಂದು ಕೇಳದೆ ಸೇರಬೇಡಿ. ಉಳಿದಂತೆ, ಲಾಗ್‌ಬುಕ್‌ನಲ್ಲಿ ಯಾವ ಜೆಟ್ ಇದೆ ಎಂದು ಮುಂದೆ ಮೇನ್‌ಲೈನ್‌ನವರು ತಲೆಕೆಡಿಸಿಕೊಳ್ಳುವುದಿಲ್ಲ.

7. ಫ್ಲೋ ಎಂಬ ಮಾತನ್ನು ಬಿಡಿಸಿ ನೋಡಿ

ಫ್ಲೋ ಎಂದರೆ ಮತ್ತೆ ಸಂದರ್ಶನ ಇಲ್ಲದೆ, ಸೀನಿಯಾರಿಟಿ ಪ್ರಕಾರ ಮೇನ್‌ಲೈನ್‌ಗೆ ಹೋಗುವ ವ್ಯವಸ್ಥೆ. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್‌ನಿಂದ ಅಮೆರಿಕನ್‌ಗೆ ಇದು ಇದೆ. ‘ಸಂದರ್ಶನ ಖಚಿತ’ ಎಂಬುದು ಬೇರೆ, ‘ಆದ್ಯತೆ’ ಎಂಬುದು ಇನ್ನೂ ಬೇರೆ. ಯುನೈಟೆಡ್‌ನ ಏವಿಯೇಟ್‌ನಂಥ ಕಾರ್ಯಕ್ರಮದಲ್ಲಿ ಮೊದಲೇ ಆಯ್ಕೆಯಾಗಿ, ಷರತ್ತುಗಳನ್ನು ಪೂರೈಸಿ ಹೋಗಬೇಕು. ನೇಮಕಾತಿಯವರ ಬಾಯಲ್ಲಿ ಇವೆಲ್ಲ ಒಂದೇ ಥರ ಕೇಳಿಸುತ್ತವೆ.

ಕೇಳಬೇಕಾದ್ದು ಎರಡೇ. ಕಳೆದ ತಿಂಗಳು ಎಷ್ಟು ಮಂದಿ ಫ್ಲೋ ಆದರು? ಅವರು ಕಂಪನಿ ಸೇರಿದ್ದು ಯಾವ ವರ್ಷ? ಇವತ್ತು ಹೋದವರು ಏಳು ವರ್ಷದ ಹಿಂದೆ ಸೇರಿದವರಾಗಿದ್ದರೆ ನಿಮಗೆ ಎರಡೇ ವರ್ಷ ಎಂಬುದು ಆಸೆ ಮಾತ್ರ. ಮೇನ್‌ಲೈನ್ ನೇಮಕಾತಿ ನಿಲ್ಲಿಸಿದ ದಿನ ಫ್ಲೋ ಕೂಡ ನಿಲ್ಲುತ್ತದೆ. ಜೊತೆಗೆ ಕೊಂಡಿ ಇರುವುದು ಒಂದೇ ಮೇನ್‌ಲೈನ್‌ಗೆ. ಆದ್ದರಿಂದ ಫ್ಲೋವನ್ನು ವಿಮೆಯಂತೆ ಇಟ್ಟುಕೊಳ್ಳಿ, ಹೊರಗಡೆಯೂ ಅರ್ಜಿ ಹಾಕುತ್ತಿರಿ. ಫ್ಲೋ ಇದೆ ಎಂಬ ಒಂದೇ ಕಾರಣಕ್ಕೆ ದೂರದ ಬೇಸ್ ಒಪ್ಪುವುದು ನನಗೆ ಸರಿಕಾಣದು.

ಅಪ್‌ಗ್ರೇಡ್, ಅಂದರೆ ಕ್ಯಾಪ್ಟನ್ ಬಡ್ತಿಯಲ್ಲೂ ಇದೇ ಎಚ್ಚರ. ಬೇಗ ಬಡ್ತಿ ಕೊಡುವ ಕಂಪನಿಯಲ್ಲಿ ಅದು ಎಲ್ಲರೂ ಬೇಡವೆನ್ನುವ ಬೇಸ್‌ನಲ್ಲಿ, ರಿಸರ್ವ್ ಕ್ಯಾಪ್ಟನ್ ಆಗಿ ಸಿಗಬಹುದು. ಇಷ್ಟವಿಲ್ಲದಿದ್ದರೂ ಬಡ್ತಿ ಹೇರುವ ಅವಕಾಶ ಒಪ್ಪಂದದಲ್ಲಿದೆಯೇ ಎಂದೂ ನೋಡಿ.

8. ಒಪ್ಪಂದದ ಪುಸ್ತಕ ಓದಿ

ಆಲ್ಪಾ ಎಂಬ ಪೈಲಟ್ ಯೂನಿಯನ್ ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್, ಎಂಡೆವರ್‌ಗಳಲ್ಲಿದೆ. ರಿಪಬ್ಲಿಕ್‌ನಲ್ಲಿ ಟೀಮ್‌ಸ್ಟರ್ಸ್ ಎಂಬ ಯೂನಿಯನ್. ಸ್ಕೈವೆಸ್ಟ್‌ನಲ್ಲಿ ಹೊರಗಿನ ಯೂನಿಯನ್ ಇಲ್ಲ, ಕಂಪನಿಯೊಳಗಿನ ಪೈಲಟ್ ಸಂಘ ಮಾತುಕತೆ ನಡೆಸುತ್ತದೆ. ಅಮೆರಿಕದ ರೈಲ್ವೆ ಕಾರ್ಮಿಕ ಕಾಯಿದೆಯೇ ಏರ್‌ಲೈನ್‌ಗಳಿಗೂ ಅನ್ವಯವಾಗುವುದರಿಂದ ಇಲ್ಲಿ ಒಪ್ಪಂದಕ್ಕೆ ಅವಧಿ ಮುಗಿದುಹೋಗುವುದು ಎಂಬುದಿಲ್ಲ. ‘ತಿದ್ದುಪಡಿಗೆ ತೆರೆದ’ ಸ್ಥಿತಿಯಲ್ಲಿ ಹಳೆಯದೇ ವರ್ಷಗಟ್ಟಲೆ ನಡೆಯಬಹುದು. ಅಂಥ ಸ್ಥಿತಿಯಲ್ಲಿರುವ ಕಂಪನಿ ‘ಸದ್ಯದಲ್ಲೇ ಹೊಸ ದರ’ ಎಂದರೆ ಸದ್ಯದ ದರವನ್ನೇ ನಂಬಿ.

ಪುಸ್ತಕ ಸಿಕ್ಕರೆ ರಿಸರ್ವ್, ವೇಳಾಪಟ್ಟಿ, ರಜೆ ಈ ಮೂರು ಅಧ್ಯಾಯ ಸಾಕು. ಸಿಗದಿದ್ದರೆ ಕಳೆದ ಒಂದು ವರ್ಷದಲ್ಲಿ ಸೇರಿದ ಫಸ್ಟ್ ಆಫೀಸರ್ ಒಬ್ಬರನ್ನು ಹುಡುಕಿ ಮಾತಾಡಿ. ಹತ್ತು ವರ್ಷದ ಕ್ಯಾಪ್ಟನ್ ಹೇಳುವ ಜೀವನ ನಿಮ್ಮದಾಗುವುದಿಲ್ಲ.

9. ತರಬೇತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ ನಡೆಸುವ ಪೈಲಟ್ ದಾಖಲೆಗಳ ಕೋಶದಲ್ಲಿ ನಿಮ್ಮ ತರಬೇತಿಯ ಫಲಿತಾಂಶಗಳು ಉಳಿಯುತ್ತವೆ. ಮುಂದಿನ ಪ್ರತಿ ಕಂಪನಿಯೂ ಅದನ್ನು ನೋಡುತ್ತದೆ. ಹಾಗಾಗಿ ಆತುರಾತುರವಾಗಿ ತಳ್ಳಿ ಫೇಲ್ ಮಾಡುವ ತರಬೇತಿಗಿಂತ, ಒಂದೆರಡು ಹೆಚ್ಚುವರಿ ಸಿಮ್ಯುಲೇಟರ್ ಪಾಠ ಕೊಟ್ಟು ದಡ ಸೇರಿಸುವ ತರಬೇತಿ ಎಷ್ಟೋ ಮೇಲು. ಹೋಟೆಲ್ ಕಂಪನಿಯದೇ, ಕೊಠಡಿ ಒಬ್ಬರಿಗೋ ಇಬ್ಬರಿಗೋ, ಸಂಬಳ ಮೊದಲ ದಿನದಿಂದಲೋ, ನೆಲಪಾಠಕ್ಕೂ ಸಿಮ್ಯುಲೇಟರ್‌ಗೂ ನಡುವೆ ಎಷ್ಟು ವಾರ ಖಾಲಿ ಬಿಡುತ್ತಾರೆ ಎಂದು ಕೇಳಿ. ಕೊನೆಯದು ಬಹಳ ಮುಖ್ಯ. ಎರಡು ತಿಂಗಳು ಮನೆಯಲ್ಲಿ ಕೂತು ಬಂದವರು ಕಾಕ್‌ಪಿಟ್ ಕ್ರಮಗಳನ್ನು ಅರ್ಧ ಮರೆತಿರುತ್ತಾರೆ.

10. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಕ್ರಮ

ಎರಡೂ ಕಡೆ ಬೇಸ್ ಒಂದೇ ಥರ, ಕಂಪನಿಗಳೂ ಗಟ್ಟಿ ಎಂದಾದರೆ ಮೊದಲ ಕ್ಲಾಸ್ ದಿನಾಂಕ ಕೊಟ್ಟವರಿಗೆ ಹೂಂ ಅನ್ನಿ. ಫರ್ಲೋ ಬಂದರೆ ಮನೆಗೆ ಹೋಗುವುದು ಪಟ್ಟಿಯ ಕೆಳಗಿನವರು. ನಿಮ್ಮ ಕೆಳಗೆ ಎಷ್ಟು ಜನ ಇದ್ದಾರೋ ಅಷ್ಟೂ ನಿಮಗೆ ನೆಮ್ಮದಿ.

ಎರಡು ಕಂಪನಿಗಳ ಕ್ಲಾಸ್‌ಗೂ ಒಪ್ಪಿ, ಕೊನೆಯ ದಿನ ಒಂದಕ್ಕೆ ಹೋಗದೆ ಇರುವ ಕೆಲಸ ಮಾತ್ರ ಬೇಡ. ಅಂಥವರನ್ನು ಮತ್ತೆ ತೆಗೆದುಕೊಳ್ಳದವರ ಪಟ್ಟಿಗೆ ಸೇರಿಸುತ್ತಾರೆ, ನೇಮಕಾತಿಯವರು ಕಂಪನಿಯಿಂದ ಕಂಪನಿಗೆ ಹೋಗುವಾಗ ಆ ನೆನಪನ್ನೂ ಕೊಂಡೊಯ್ಯುತ್ತಾರೆ. ಆರಿಸಿಕೊಂಡ ಕಂಪನಿಯಿಂದ ಕ್ಲಾಸ್ ದಿನಾಂಕ ಇಮೇಲ್‌ನಲ್ಲಿ ಖಚಿತವಾದ ಮೇಲೆ, ಅದೇ ದಿನ ಇನ್ನೊಂದಕ್ಕೆ ಎರಡು ಸಾಲು ಬರೆಯಿರಿ: ಆಫರ್‌ಗೆ ಧನ್ಯವಾದ, ಮನೆಗೆ ಹತ್ತಿರದ ಬೇಸ್ ಸಿಕ್ಕಿದ್ದರಿಂದ ಬೇರೆಡೆ ಸೇರುತ್ತಿದ್ದೇನೆ. ಕಾರಣ ಇಷ್ಟೇ ಸಾಕು. ಉತ್ತರವಾಗಿ ಬೋನಸ್ ಏರಿಸುತ್ತೇವೆ ಎಂದು ಫೋನ್ ಬಂದರೆ, ಆ ಬೇಸ್‌ನ ಅತಿ ಕಿರಿಯ ಫಸ್ಟ್ ಆಫೀಸರ್ ಯಾವಾಗ ಸೇರಿದವರು ಎಂದು ಇನ್ನೊಮ್ಮೆ ಕೇಳಿ ನೋಡಿ.